ಬುತ್ತಿಯೊಳಗೆ ಬಂದ ಅಮಲು

ಕಾಲೇಜಿಗೆ ಹೋಗಿ ಕೆಟ್ಟೆನೆಂದು ಅಪ್ಪ ನನ್ನನ್ನು ಶಹಾಬಾದಿನಿಂದ ಸೇಡಂಗೆ ಎಳೆದುಕೊಂಡು ಬಂದ. ಆ ದಿನ ನಾನು ಅಮಲಿನಲ್ಲಿದ್ದದ್ದು ನಿಜ. ಆದರೆ ಆ ಅಮಲು ಕಾಲೇಜಿನದಲ್ಲ. ಅದು ನಮ್ಮದೇ ಅಡಿಗೆಮನೆಯಲ್ಲಿ ತಯಾರಾಗಿ, ಸೇಡಂನಲ್ಲಿ ಪ್ಯಾಸೆಂಜರ್ ಹತ್ತಿ, ವಾಡಿಯಲ್ಲಿ ಗಾಡಿ ಬದಲಿಸಿ, ರೊಟ್ಟಿಯ ಜೊತೆ ಬುತ್ತಿಯೊಳಗೆ ಕುಳಿತು ನನ್ನ ಕೋಣೆಗೆ ಬಂದಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಮುಚ್ಚಿಟ್ಟು ಓದುವವರನ್ನು ಬೆರಗುಗೊಳಿಸುವ ಹವ್ಯಾಸ ನನಗಿಲ್ಲ, ಅಪ್ಪನಿಗೆ ಅಷ್ಟು ರಿಯಾಯಿತಿ ಕೊಡುವ ಮನಸ್ಸೂ ಇಲ್ಲ.

ಒಂದು ತೊಡಕಿದೆ. ಮುಂದೆ ವಿಶ್ವವಿದ್ಯಾಲಯದಲ್ಲಿ ಓದಿದಾಗ ಪುರಾವೆ ಎಂದರೇನು, ಸಾಕ್ಷಿಯನ್ನು ಯಾವಾಗ ನಂಬಬೇಕು, ಯಾವಾಗ ನಂಬಬಾರದು ಎಂಬುದನ್ನು ಕಲಿತೆ. ಆ ಪಾಠದ ಪ್ರಕಾರ ಈ ಪ್ರಸಂಗಕ್ಕೆ ಅತ್ಯಂತ ಕೆಟ್ಟ ಸಾಕ್ಷಿ ನಾನೇ. ಸಾಕ್ಷಿ ಹೇಳುವವನ ಹೊಟ್ಟೆಯಲ್ಲೇ ಭಂಗಿ ಇತ್ತು. ಆದ್ದರಿಂದ ನೆನಪು ಗಟ್ಟಿ ಇರುವಲ್ಲಿ ಗಟ್ಟಿಯಾಗಿ ಹೇಳುತ್ತೇನೆ, ಇಲ್ಲದಲ್ಲಿ ಇಲ್ಲ ಎನ್ನುತ್ತೇನೆ.

ರಾಜ್ಯದ ಹೆಸರು ಕರ್ನಾಟಕ ಎಂದಾದ ವರ್ಷವೋ ಅದರ ಮರುವರ್ಷವೋ ಇರಬೇಕು. ನಾನು ಶಹಾಬಾದಿನ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದೆ. ಫರಸಿ ಕಲ್ಲಿಗೆ ಪಾಲಿಶ್ ಹಾಕುವ ಒಂದು ಕಾರಖಾನೆಯ ಹಿಂದೆ ನಮ್ಮ ಕೋಣೆ. ಕಲ್ಲು ಉಜ್ಜಿದ ಬಿಳಿ ನೀರು ಇಡೀ ದಿನ ಬಾಗಿಲ ಮುಂದೆ ಹರಿಯುತ್ತಿತ್ತು. ಒಣಗಿದ ಮೇಲೆ ಅದೇ ಧೂಳಾಗಿ ನಮ್ಮ ತಲೆ, ಪುಸ್ತಕ, ಅನ್ನದ ಮೇಲೆ ಕೂರುತ್ತಿತ್ತು. ನನ್ನ ಜೊತೆಗಾರ ಚಿಂಚೋಳಿ ಕಡೆಯವನು. ಅವನಿಗೆ ಮನೆಯಿಂದ ಏನೂ ಬರುತ್ತಿರಲಿಲ್ಲ, ನನಗೆ ದಿನಾಲು ಬುತ್ತಿ ಬರುತ್ತಿತ್ತು.

ಬುತ್ತಿಯ ವ್ಯವಸ್ಥೆ ನಮ್ಮ ಕಡೆಯವರಿಗೆ ಗೊತ್ತಿದ್ದದ್ದೇ. ಬೆಳಗಿನ ಗಾಡಿಗೆ ಸೇಡಂ, ಚಿತ್ತಾಪುರದ ತಾಯಂದಿರು ಕಟ್ಟಿದ ಚೀಲಗಳು ಗುರುತಿನವರ ಕೈಯಲ್ಲಿ ಹತ್ತುತ್ತಿದ್ದವು. ವಾಡಿಯಲ್ಲಿ ಯಾರೋ ಇಳಿಸಿ ಯಾರೋ ಏರಿಸುತ್ತಿದ್ದರು. ಶಹಾಬಾದ್ ಸ್ಟೇಷನ್ನಿನ ಚಹಾದಂಗಡಿಯ ಮೊಳೆಗಳಿಗೆ ಅವು ತೂಗುಬೀಳುತ್ತಿದ್ದವು. ನನ್ನದು ಅಪ್ಪನ ಹಳೆಯ ಖಾಕಿ ಪ್ಯಾಂಟಿನ ಕಾಲು ಕತ್ತರಿಸಿ ಹೊಲಿದ ಚೀಲ. ದೂರದಿಂದಲೇ ಗುರುತು ಸಿಗುತ್ತಿತ್ತು. ಅಪ್ಪನ ಕಾಲೊಂದು ನನ್ನನ್ನು ಕಾಯುತ್ತ ಅಲ್ಲಿ ನೇತಾಡುತ್ತಿರುವಂತೆ ಅನ್ನಿಸುತ್ತಿತ್ತು.

ಅಪ್ಪ ಕಂದಾಯ ಇಲಾಖೆಯಲ್ಲಿ ಗಿರ್ದಾವರ. ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಕಲಿತು, ಹೊಲಗಳ ಮೇಲೆ ಸರಪಳಿ ಹಿಡಿದು ಅಳೆಯುತ್ತ ಮುದುಕನಾದವನು. ಸೇಂದಿ ಮುಟ್ಟಿದವನಲ್ಲ, ಬೀಡಿ ಸೇದಿದವನಲ್ಲ. ಈ ಎರಡು ‘ಅಲ್ಲ’ಗಳ ಮೇಲೆ ಅವನ ಇಡೀ ದರ್ಬಾರು ನಿಂತಿತ್ತು. ಸಂಜೆ ಊಟವಾದ ಮೇಲೆ ಮಾತ್ರ ಒಂದು ಹಿತ್ತಾಳೆ ಡಬ್ಬಿ ತೆಗೆದು, ಅಂಟುಬೆಲ್ಲದ ಹಾಗಿದ್ದ ಕರಿಹಸಿರು ಔಷಧಿಯನ್ನು ಬೆರಳಿನಿಂದ ಚಿವುಟಿ ಬಾಯಿಗೆ ಹಾಕಿಕೊಂಡು ಮೇಲೆ ಬಿಸಿ ಹಾಲು ಕುಡಿಯುತ್ತಿದ್ದ. ಅದು ಮಾಜೂನು, ಚಿತ್ತಾಪುರದ ಹಕೀಮರು ವಾಯುವಿಗೆಂದು ಕೊಟ್ಟದ್ದು. ಅದರಲ್ಲಿ ಭಂಗಿಸೊಪ್ಪು ಇರುವುದನ್ನು ಹಕೀಮರು ಮುಚ್ಚಿಟ್ಟಿರಲಿಲ್ಲ. ಹಿರಿಯರಿಗಷ್ಟೇ, ಅದೂ ಸ್ವಲ್ಪ ದಿನ ಮಾತ್ರ ಎಂದು ಹೇಳಿಯೇ ಕೊಡುತ್ತಿದ್ದರು. ಅಪ್ಪನ ಆ ‘ಸ್ವಲ್ಪ ದಿನ’ ನಾನು ಹುಟ್ಟುವ ಮೊದಲೇ ಶುರುವಾಗಿತ್ತು. ಹಕೀಮರ ತಕ್ಕಡಿಯಿಂದ ಬಂದದ್ದು ದವಾ, ಗುಡಿಸಲಿನಿಂದ ಬಂದದ್ದು ನಶೆ. ಇಷ್ಟು ಸರಳವಾಗಿತ್ತು ಅವನ ಲೆಕ್ಕ.

ಅವ್ವ ನೋಡುತ್ತಿದ್ದಳು. ಡಬ್ಬಿ ತೆಗೆದ ಮೇಲೆ ಗಂಡನಿಗೆ ಚೆನ್ನಾಗಿ ನಿದ್ದೆ ಬರುತ್ತದೆ, ಹಸಿವೆಯಾಗುತ್ತದೆ, ಬೈಗುಳ ನಿಲ್ಲುತ್ತದೆ. ಪರೀಕ್ಷೆ ಹತ್ತಿರ ಬಂದಿದೆ, ನಿದ್ದೆಯಿಲ್ಲ, ಓದಿದ್ದು ನಿಲ್ಲುತ್ತಿಲ್ಲ ಎಂದು ನಾನು ಊರಿಗೆ ಹೋದಾಗ ಗೊಣಗಿದ್ದೆ. ಅವಳು ಡಬ್ಬಿಯಿಂದ ಅಷ್ಟು ತೆಗೆದು, ಬೆಲ್ಲ ತುಪ್ಪದ ಜೊತೆ ಶೇಂಗಾದ ಉಂಡಿಗೆ ಬೆರೆಸಿದಳು. ಅವಳ ತರ್ಕದಲ್ಲಿ ನನಗೆ ಇಂದಿಗೂ ದೋಷ ಕಾಣುವುದಿಲ್ಲ. ದೋಷವೆಲ್ಲ ಅವಳ ಕಣ್ಣೆದುರು ವರ್ಷಗಟ್ಟಲೆ ನಡೆದ ಉದಾಹರಣೆಯದು.

ಮೊದಮೊದಲು ಉಂಡಿಯಲ್ಲಿ ಅದು ಎಷ್ಟಿತ್ತೋ, ಚೆನ್ನಾಗಿ ನಿದ್ದೆ ಬಂತು. ಓದಿದ್ದು ಮಾತ್ರ ತಲೆಯಲ್ಲಿ ನಿಲ್ಲದೆ ಜಾರಿ ಹೋಗುತ್ತಿತ್ತು. ನಾನು ಅದಕ್ಕೆ ಅರ್ಥಶಾಸ್ತ್ರವನ್ನು ಬೈದೆ.

ಇತ್ತ ಸೇಡಂನಲ್ಲಿ ಬೇರೆ ಮಾತು ನಡೆದಿತ್ತು. ಕಾಲೇಜಿನ ಹುಡುಗನೊಬ್ಬ ಸೇಂದಿ ಕುಡಿದು ಹಳೆಯ ಕಲ್ಲಿನ ಖಣಿಯಲ್ಲಿ ನಿಂತ ನೀರಿಗೆ ಬಿದ್ದಿದ್ದ. ಈಜು ಬರುತ್ತಿತ್ತು, ಬದುಕಿಕೊಂಡ. ಬಿದ್ದದ್ದು ನಿಜ, ನಾನೇ ಅವನ ಒದ್ದೆ ಚಪ್ಪಲಿ ನೋಡಿದ್ದೆ. ಆದರೆ ಸುದ್ದಿ ಸೇಡಂ ತಲುಪುವಷ್ಟರಲ್ಲಿ ಬಿದ್ದವರು ಬಹಳ ಮಂದಿಯಾಗಿದ್ದರು, ವಾಡಿ ಜಂಕ್ಷನ್ನಿನ ಬೈರಾಗಿಗಳು ಗಾಂಜಾ ಚಿಲುಮೆಯನ್ನು ತರಗತಿಗೇ ತಂದು ಕೊಡುತ್ತಿದ್ದರು. ಅಪ್ಪನ ಗೆಳೆಯ ಒಬ್ಬ ಜೌಳಿ ಸಾಹುಕಾರನಿದ್ದ. ಅವನ ಮಗ ಮುಂದಿನ ವರ್ಷ ಕಾಲೇಜು ಸೇರುವವನು. ಸಾಹುಕಾರನ ಅಂಗಡಿಯ ಗಾದಿಯ ಮೇಲೆ ಪಾಲಕರ ಸಭೆ ಕೂಡಿತು. ನಾನು ಆ ಶನಿವಾರ ಊರಲ್ಲಿದ್ದು ಬಟ್ಟೆಯ ಥಾನುಗಳ ಹಿಂದೆ ನಿಂತು ಕೇಳಿಸಿಕೊಂಡ ಮಾತುಗಳು ಇವು, ಅಥವಾ ಇಂಥವು.

‘ಕಾಲೇಜ ಅಂದ್ರ ಏನ್ರಿ ಈಗ? ಮುಂಜಾನಿ ಹಾಜರಿ, ಸಂಜಿಮುಂದ ಸೇಂದಿ,’ ಅಂದ ಸಾಹುಕಾರ.

‘ಸೇಂದಿ ಕುಡದ್ರ ವಾಸ್ನಿ ಆದ್ರೂ ಬರ್ತದ ಸಾವ್ಕಾರ್ರೆ. ಗಾಂಜಾದ್ದು ಏನ್ ಮಾಡ್ತೀರಿ? ಅದು ಮೆತ್ತಗ ತಲಿ ತಿಂತದ,’ ಅಂದ ಅಪ್ಪ.

‘ನೀವು ಮುಂದ ನಡೀರಿ ಗಿರ್ದಾವರ ಸಾಹೇಬ್ರೆ. ನಾವೆಲ್ಲಾ ಹಿಂದ ಬರ್ತೀವಿ. ಹೇಳಲಾರ್ದೆ ಹೋಗಿ ಒಂದೊಂದು ಕೋಣಿ ಝಡತಿ ತಗೊಳ್ಳೋಣ.’

ಊರ ಪಾಲಕರೆಲ್ಲ ಬರುವುದೆಂದು ತೀರ್ಮಾನವಾಯಿತು. ಆದಿತ್ಯವಾರ ಶಹಾಬಾದ್ ಸ್ಟೇಷನ್ನಿನಲ್ಲಿ ಇಳಿದದ್ದು ಅಪ್ಪ ಮತ್ತು ಸಾಹುಕಾರ, ಇಬ್ಬರೇ. ಇದು ಮುಂದಿನ ವಾರವೋ ಅದರಾಚೆಯದೋ ನನಗೆ ಖಾತ್ರಿಯಿಲ್ಲ; ಬಚ್ಚಿಡುವಂಥದೇನೂ ಇಲ್ಲದ ನಾನು ಝಡತಿಯ ಮಾತನ್ನು ಮರೆತೇಬಿಟ್ಟಿದ್ದೆ. ಪರೀಕ್ಷೆ ತೀರ ಹತ್ತಿರವಿತ್ತು ಎಂಬುದು ಖಾತ್ರಿ, ಏಕೆಂದರೆ ಹಿಂದಿನ ದಿನದ ಬುತ್ತಿಯಲ್ಲಿ ಅವ್ವ ದೊಡ್ಡ ದೊಡ್ಡ ಉಂಡಿ ಕಳಿಸಿದ್ದಳು. ಡಬ್ಬಿಯಿಂದಲೂ ಧಾರಾಳವಾಗಿ ತೆಗೆದಿದ್ದಳು.

ಬೆಳಿಗ್ಗೆ ನಾನೂ ಜೊತೆಗಾರನೂ ಅದನ್ನೇ ನಾಷ್ಟಾ ಮಾಡಿದ್ದೆವು. ಅವರಿಬ್ಬರು ಬಾಗಿಲಿಗೆ ಬಂದಾಗ ಜೊತೆಗಾರ ಬಾಯಿ ತೆರೆದು ಮಲಗಿದ್ದ. ನಾನು ಬಾಗಿಲ ಮುಂದಿನ ಬಿಳಿ ನೀರು ನೋಡುತ್ತ ಹಾಲಿನ ಹೊಳೆ ಎಂದುಕೊಂಡು ಕುಳಿತಿದ್ದೆ. ಅಪ್ಪನ ಕರಿ ಟೋಪಿ ಕಂಡಿತು. ಅದು ನನಗೆ ಬಹಳ ನಗೆ ತರಿಸಿತು. ಟೋಪಿಯಲ್ಲಿ ನಗುವಂಥದೇನೂ ಇರಲಿಲ್ಲ.

‘ಯಾಕ ನಗ್ಲಕತ್ತಿ?’

‘ಏನಿಲ್ರಿ ಅಪ್ಪಾ.’

‘ಬಾಯಿ ತೆಗಿ. ಹಾ ಅನ್ನು.’

ಅಂದೆ. ಅಪ್ಪ ಮೂಸಿದ, ಸಾಹುಕಾರ ಮೂಸಿದ. ಶೇಂಗಾ, ಬೆಲ್ಲ, ತುಪ್ಪ. ಸೇಂದಿಯಿಲ್ಲ, ಬೀಡಿಯೂ ಇಲ್ಲ.

‘ವಾಸ್ನಿ ಇಲ್ಲ ಸಾಹೇಬ್ರೆ.’

‘ವಾಸ್ನಿ ಇಲ್ಲ ಅಂದ್ರ ಗಾಂಜಾ,’ ಅಂದ ಅಪ್ಪ. ವಾಸನೆ ಬಂದಿದ್ದರೆ ಕುಡುಕ, ಬರದಿದ್ದರೆ ಗಂಜೇಟಿ. ಸರಕಾರಿ ತನಿಖೆ ಅಂದರೆ ಹೀಗೆ.

ಆಮೇಲೆ ಅವನು ನೆಲ ತೋರಿಸಿದ. ಶಹಾಬಾದಿನ ಯಾವ ಮನೆಯಲ್ಲಾದರೂ ಇರುವಂಥ ಫರಸಿ ನೆಲ. ಕಲ್ಲು ಕಲ್ಲಿನ ನಡುವೆ ಸುಣ್ಣ ತುಂಬಿದ ಸಂದು ಗೋಡೆಯಿಂದ ಗೋಡೆಗೆ ನೇರ ಗೆರೆಯಾಗಿ ಹೋಗಿತ್ತು. ‘ಈ ಗೆರಿ ಮ್ಯಾಲ ನಡಿ,’ ಅಂದ. ಹೊಲದ ಬದು ಅಳೆಯುವವನಿಗೆ ಮಗನನ್ನು ಅಳೆಯಲು ಹೊಳೆದ ಉಪಾಯ. ನಡೆದೆ. ಗೆರೆ ಮೊದಲು ಸುಮ್ಮನಿತ್ತು, ಆಮೇಲೆ ಮೆಲ್ಲಗೆ ಪಕ್ಕದ ಕಲ್ಲಿನ ಮೇಲೆ ಹೋಗಿ ಕುಳಿತಿತು. ನಾನೂ ಕುಳಿತುಬಿಟ್ಟೆ. ನಗು ನಿಲ್ಲಲಿಲ್ಲ. ಅಪ್ಪ ಕಪಾಳಕ್ಕೆ ಹೊಡೆದ. ಜೊತೆಗಾರ ಈಚೆಗೆ ಸಿಕ್ಕಾಗ ಗೆರೆಯೂ ಇಲ್ಲ, ನಡೆದದ್ದೂ ಇಲ್ಲ, ನೀನು ಕಟ್ಟಿಕೊಂಡದ್ದು ಎಂದ. ಇರಬಹುದು. ಆದರೆ ಅವನು ನಿದ್ದೆಯಲ್ಲಿದ್ದ. ಕಪಾಳದ ಬಗ್ಗೆ ನನಗೆ ಸಂದೇಹವಿಲ್ಲ.

ಇಬ್ಬರೂ ಕೋಣೆ ಜಾಲಾಡಿದರು. ಹಾಸಿಗೆ ಕೊಡವಿದರು, ಪುಸ್ತಕ ಜಾಡಿಸಿದರು, ಹೂಜಿಯಲ್ಲಿ ಕೈ ಹಾಕಿದರು. ಸಿಕ್ಕದ್ದು ಖಾಕಿ ಚೀಲ, ಅದರಲ್ಲಿ ಉಳಿದ ಉಂಡಿ. ಮಧ್ಯಾಹ್ನ ಮೀರಿತ್ತು, ಸಾಹುಕಾರ ಹಸಿದಿದ್ದ.

‘ವೈನಿಯವರು ಮಾಡಿದ್ದೇನ್ರಿ? ಬಿಟ್ರ ಈ ಗಂಜೇಟಿಗಳ ಪಾಲಾಗ್ತಾವ,’ ಎಂದು ಒಂದು ಬಾಯಿಗೆ ಹಾಕಿದ. ಆಮೇಲೆ ಇನ್ನೊಂದು, ಮತ್ತೊಂದು. ‘ಇಂಥಾ ಮನಿ ಉಂಡಿ ತಿಂದು ಬೆಳದ ಹುಡುಗ ಹಿಂಗ ಕೆಟ್ಟ ನೋಡ್ರಿ!’

ಅಪ್ಪನೂ ಎರಡು ತಿಂದ. ಎರಡು ಎಂದು ಹೇಗೆ ಗೊತ್ತು? ಅವನು ಎರಡನೆಯದು ಎತ್ತಿಕೊಂಡಾಗ, ಪಂಚನಾಮೆಯ ಮಾಲನ್ನು ಅಧಿಕಾರಿಯೇ ತಿನ್ನುತ್ತಿದ್ದಾನೆ ಎಂದು ನನಗೆ ಮತ್ತೆ ನಗೆ ಬಂದು, ಮತ್ತೆ ಏಟು ಬಿತ್ತು.

ನನ್ನ ಟ್ರಂಕು ಕಟ್ಟಿಸಿದರು. ಜೊತೆಗಾರನನ್ನು ಬಿಡಿಸಿಕೊಂಡು ಹೋಗಲು ಚಿಂಚೋಳಿಯಿಂದ ಯಾರೂ ಬಂದಿರಲಿಲ್ಲ, ಅವನು ಬಚಾವಾದ. ಸಂಜೆಯ ಗಾಡಿಗೆ ವಾಡಿಗೆ ಬಂದೆವು. ಸೇಡಂ ಗಾಡಿ ಯಾವತ್ತಿನಂತೆ ತಡವಾಗಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಅಪ್ಪ ಮತ್ತು ಸಾಹುಕಾರ, ಟ್ರಂಕಿನ ಮೇಲೆ ನಾನು.

ಸಾಹುಕಾರ ಮೊದಲು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಅದನ್ನು ಬೆಕ್ಕಿನ ಮರಿಯಂತೆ ಸವರಲು ಶುರುಮಾಡಿದ. ದೂರದಲ್ಲಿ ಸಿಗ್ನಲ್ಲಿನ ಕೈ ಕೆಳಗಿಳಿಯಿತು.

‘ನೋಡ್ರಿ ಸಾಹೇಬ್ರೆ, ನನಗ ಸಲಾಮ್ ಹೊಡಿಲಕತ್ತದ!’ ಎಂದು ಎದ್ದು ನಿಂತು ಸಿಗ್ನಲ್ಲಿಗೆ ತಿರುಗಿ ಸಲಾಮು ಹೊಡೆದ. ಸಿಗ್ನಲ್ ಮತ್ತೆ ಏರಿತು. ಅವನ ಕಣ್ಣು ತುಂಬಿತು. ‘ನಮ್ಮ ಮನ್ಯಾಗ ನನಗ ಯಾರೂ ಬಿಸಿ ರೊಟ್ಟಿ ಹಾಕಲ್ರಿ. ಎಲ್ಲಾರ್ದೂ ಆದ ಮ್ಯಾಲ ನಂದು. ತಣ್ಣಗ. ದಿನಾ ತಣ್ಣಗ!’

ಮಂದಿ ಸೇರಿದರು. ಹಮಾಲನೊಬ್ಬ, ‘ಸಾವ್ಕಾರ್ರು ಶಹಾಬಾದಿನಾಗ ಚಲೋ ಏರಿಸ್ಯಾರ,’ ಎಂದು ಗಟ್ಟಿಯಾಗಿ ಅಂದ. ಇನ್ನೊಬ್ಬ, ‘ಮಗನ್ನ ಕರ್ಕೊಂಡು ಹೋಗಿ ಕುಡಿತಾರ ನೋಡ್ರಿ, ಕಾಲ ಬಂತು,’ ಅಂದ. ಸಾಹುಕಾರನ ಮಗನೆಂದು ಅವನು ತೋರಿಸಿದ್ದು ನನ್ನನ್ನೇ.

ಆಗ ಅಪ್ಪನ ಕಡೆ ನೋಡಿದೆ. ಕೊಡೆಯ ಹಿಡಿಯ ಮೇಲೆ ಕೈಯಿಟ್ಟು, ಬೆನ್ನು ನೆಟ್ಟಗೆ ಮಾಡಿ, ಹಳಿಗಳ ಕಡೆ ಮುಖಮಾಡಿ ಕುಳಿತಿದ್ದ. ಮುಖದಲ್ಲಿ ಬೆವರಿಲ್ಲ, ಮಾತಿನಲ್ಲಿ ತೊದಲಿಲ್ಲ. ನಾವು ಮೂವರೂ ಒಂದೇ ಚೀಲದ ಉಂಡಿ ತಿಂದವರು. ಮೂವರಲ್ಲಿ ಏನೂ ಆಗದವನು ಅವನೊಬ್ಬನೇ. ಇದರ ಅರ್ಥ ನನಗೆ ಅಲ್ಲೇ ಹೊಳೆಯಿತು ಎಂದು ಬರೆದರೆ ಬರವಣಿಗೆ ಚೆಂದ ಕಾಣುತ್ತದೆ. ಹೊಳೆದಿರಲಿಕ್ಕಿಲ್ಲ. ಆ ಹೊತ್ತಿಗೆ ನಾನೂ ಸಾಹುಕಾರನ ತಣ್ಣನೆಯ ರೊಟ್ಟಿಗೆ ಅಳುತ್ತಿದ್ದೆ.

ಹೊಳೆದದ್ದು ಮರುದಿನ ಬೆಳಿಗ್ಗೆ, ಅವ್ವ ಕೇಳಿದಾಗ. ‘ಉಂಡಿ ಎಲ್ಲಾ ತಿಂದ್ಯಾ ಅಪ್ಪಾ? ನಿದ್ದಿ ಬಂತಾ? ಈ ಸಲ ನಿಮ್ಮಪ್ಪನ ಡಬ್ಬ್ಯಾಂದು ಜರಾ ಜಾಸ್ತಿ ಹಾಕಿದ್ದೆ.’

ಅಪ್ಪ ಅಲ್ಲೇ ಹಲ್ಲುಜ್ಜುತ್ತಿದ್ದ. ಬಾಯಲ್ಲಿ ಬೇವಿನ ಕಡ್ಡಿ ಹಾಗೇ ನಿಂತಿತು.

‘ಏನ್ ಹಾಕಿದ್ದಿ?’

‘ನಿಮ್ಮ ದವಾ ರೀ. ಪರೀಕ್ಷಾ ಅದಲ್ಲ ಹುಡುಗಂದು.’

ಅವನು ಅವಳನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಕಡ್ಡಿ ಎಸೆದು ಬಾಯಿ ಮುಕ್ಕಳಿಸಿದ. ‘ಈ ಮಾತು ಮನಿ ಹೊರಗ ಹೋಗಬಾರದು,’ ಅಂದ. ಅಷ್ಟೇ. ಎಲ್ಲ ತಿಳಿಯಿತು ಅವನಿಗೆ, ಕ್ಷಣಮಾತ್ರದಲ್ಲಿ. ತಿಳಿದ ಮೇಲೆ ನನ್ನನ್ನು ಶಹಾಬಾದಿಗೆ ವಾಪಸ್ಸು ಕಳಿಸುತ್ತಾನೆ, ಪರೀಕ್ಷೆ ಬರೆಯಬಹುದು ಎಂದುಕೊಂಡೆ. ನನಗಿನ್ನೂ ವಯಸ್ಸು ಚಿಕ್ಕದು.

ಸ್ವಲ್ಪ ಹೊತ್ತಿಗೆ ಸಾಹುಕಾರ ಬಂದ. ತಲೆ ಹಿಡಿದುಕೊಂಡಿದ್ದ, ವಾಡಿಯ ಸುದ್ದಿ ಅವನಿಗಿಂತ ಮೊದಲೇ ಅಂಗಡಿ ತಲುಪಿತ್ತು.

‘ಏನ್ ತಿನಿಸಿದ್ರಿ ಸಾಹೇಬ್ರೆ ನನಗ? ಹೆಂಡ್ತಿ ಮಾರಿ ನೋಡ್ಲಾರ್ದಂಗ ಆಗ್ಯದ.’

‘ಆ ಪೋರಗೋಳ ಕೆಲಸ,’ ಅಂದ ಅಪ್ಪ. ‘ಮನಿಯಿಂದ ಬಂದ ಚಲೋ ಉಂಡ್ಯಾಗ ಏನೋ ಕಲಸಿ ಇಟ್ಟಾರ. ಅದಕ್ಕ ಇವನ್ನ ಬಿಡಿಸಿ ತಂದೀನಿ. ಪರೀಕ್ಷಾನೂ ಬ್ಯಾಡ, ಕಾಲೇಜೂ ಬ್ಯಾಡ. ತಹಸೀಲ ಕಚೇರ‍್ಯಾಗ ಉಮೇದುವಾರ ಆಗಿ ಕೆಲಸ ಕಲಕೋತ ಕುಂದರ್ಲಿ.’

ಅವ್ವ ಒಳಬಾಗಿಲಲ್ಲಿ ನಿಂತಿದ್ದಳು. ಅವಳು ಬಾಯಿ ತೆರೆಯುತ್ತಾಳೆಂದು ಕಾದೆ. ಕೊನೆಗೆ ನಾನೇ ಅಂದೆ:

‘ಅಪ್ಪಾ, ನೀವೂ ಎರಡು ತಿಂದಿರಿ.’

ಸಾಹುಕಾರ ತಲೆಯಿಂದ ಕೈ ತೆಗೆದ. ‘ಹೌದಲ್ರಿ! ನೀವೂ ತಿಂದಿರಿ. ನಿಮಗ ಯಾಕ ಏನೂ ಆಗಿಲ್ಲ?’

ಅಪ್ಪ ನನ್ನನ್ನು ನೋಡಿದ. ಹೊಲದಲ್ಲಿ ಸುಳ್ಳು ಗಡಿಕಲ್ಲು ನೆಟ್ಟವನನ್ನು ನೋಡುವ ನೋಟ ಅದು. ಆಮೇಲೆ ಸಾಹುಕಾರನ ಕಡೆ ತಿರುಗಿ ಅಂದ: ‘ಮನಸ್ಸು ಗಟ್ಟಿ ಇದ್ದವ್ರಿಗಿ ಏನೂ ಆಗಲ್ಲ ಸಾವ್ಕಾರ್ರೆ.’

ಸಾಹುಕಾರ ಅದನ್ನು ನಂಬಿದ! ನಂಬಿದ್ದು ಮಾತ್ರವಲ್ಲ, ಥಾನು ಬಿಚ್ಚಿ ತೋರಿಸಿದಷ್ಟು ಉತ್ಸಾಹದಿಂದ ಊರೆಲ್ಲ ಹೇಳಿದ. ವಿಷ ಇಟ್ಟರೂ ಜೀರ್ಣಿಸಿಕೊಳ್ಳುವ ಗಿರ್ದಾವರ ಸಾಹೇಬರ ಮನೋಬಲ ಎಂದು. ಬೀದಿಯಲ್ಲಿ ಅಪ್ಪನಿಗೆ ನಮಸ್ಕಾರಗಳು ಹೆಚ್ಚಿದವು. ನನ್ನನ್ನು ಕಂಡರೆ ಹೆಂಗಸರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಹಾಲ್‌ಟಿಕೆಟ್ ಟ್ರಂಕಿನಲ್ಲಿತ್ತು, ಟ್ರಂಕು ಅಪ್ಪನ ಮಂಚದ ಕೆಳಗಿತ್ತು.

ಇನ್ನು ಮುಂದಿನದು ನಾನು ಕಣ್ಣಾರೆ ಕಂಡದ್ದಲ್ಲ. ಅರ್ಧ ಕೇಳಿದ್ದು, ಅರ್ಧ ಊಹಿಸಿದ್ದು. ಆ ವಾರ ಅಪ್ಪನಿಗೆ ನಿದ್ದೆ ಹತ್ತಲಿಲ್ಲ. ಊಟ ಸೇರಲಿಲ್ಲ, ಅಂಗೈ ಬೆವರುತ್ತಿತ್ತು, ಹಾಲು ತಣ್ಣಗಿದೆಯೆಂದು ಲೋಟ ಎಸೆದ. ಹಿತ್ತಾಳೆ ಡಬ್ಬಿ ಗೂಡಿನಲ್ಲಿರಲಿಲ್ಲ. ಒಂದು ಸಂಜೆ ಅಡಿಗೆಮನೆಯಲ್ಲಿ ಇಬ್ಬರ ಮಾತು ಕೇಳಿಸಿತು.

‘ಅದು ಎಲ್ಲದ?’

‘ಯಾವುದು ರೀ?’

‘ಅದೇ. ದವಾ.’

‘ಮುಗದದ.’ ರೊಟ್ಟಿ ಬಡಿಯುವ ಸಪ್ಪಳ ನಿಲ್ಲಲಿಲ್ಲ. ‘ಹುಡುಗ ಶಹಾಬಾದಿಗಿ ಹೋಗಿ ಪರೀಕ್ಷಾ ಬರದು ಬರ್ಲಿ. ಬರೋ ದಾರ‍್ಯಾಗೇ ಚಿತ್ತಾಪುರ ಅದ. ಇಳದು ತರ್ತಾನ.’

‘ನಾನೇ ಹೋಗಿ ತಂದ್ರ?’

‘ಹೋಗ್ರಿ. ಮನಸ್ಸು ಗಟ್ಟಿ ಇದ್ದವ್ರಿಗಿ ದವಾ ಯಾಕ ಅಂತ ಸಾವ್ಕಾರ್ರು ಕೇಳಿದ್ರ, ಏನ್ ಹೇಳ್ಬೇಕು ಹೇಳಿ ಹೋಗ್ರಿ.’

ಅಪ್ಪ ಅಡಿಗೆಮನೆಯಿಂದ ಎದ್ದು ಹೋದ ಹೆಜ್ಜೆ ಸಪ್ಪಳ ಕೇಳಿಸಿತು.

ಇದನ್ನು ತಂಗಿ ಒಪ್ಪುವುದಿಲ್ಲ. ಅವ್ವ ಅಪ್ಪನಿಗೆ ಎದುರಾಡಿದವಳೇ ಅಲ್ಲ, ಡಬ್ಬಿ ಮುಚ್ಚಿಟ್ಟದ್ದೂ ಇಲ್ಲ, ಅಪ್ಪನಿಗೆ ಜ್ವರ ಬಂದಿತ್ತು, ಮಗನ ವರ್ಷ ಹಾಳಾಗಬಾರದೆಂದು ಅಪ್ಪನ ಮನಸ್ಸೇ ಕರಗಿತು ಎನ್ನುತ್ತಾಳೆ. ಅವಳಿಗೆ ಆಗ ಬಹಳ ಚಿಕ್ಕ ವಯಸ್ಸು. ನನಗೆ ಆಗ ಬಹಳ ಸಿಟ್ಟು. ಎರಡೂ ಸಾಕ್ಷಿಯನ್ನು ಕೆಡಿಸುವಂಥವೇ. ಇಷ್ಟು ಸಿಟ್ಟಿರುವವನಿಗೆ ಗೋಡೆಯಾಚೆ ಇಷ್ಟು ಚೊಕ್ಕ ಮಾತು ಹೇಗೆ ಕೇಳಿಸಿತು ಎಂದು ನಾನೇ ಕೇಳಿಕೊಂಡಿದ್ದೇನೆ. ಅವ್ವನನ್ನು ಕೇಳಬಹುದಿತ್ತು. ಅವಳಿರುವವರೆಗೆ ಕೇಳುವ ಧೈರ್ಯ ಬರಲಿಲ್ಲ, ಇಲ್ಲ ಅಂದುಬಿಟ್ಟರೆ ಏನು ಮಾಡುವುದು?

ತಂಗಿಯೂ ಅಲ್ಲಗಳೆಯಲಾರದ ಸಂಗತಿ ಒಂದಿದೆ. ಮರುದಿನ ಬೆಳಿಗ್ಗೆ ಟ್ರಂಕು ಮಂಚದ ಕೆಳಗಿನಿಂದ ಹೊರಗೆ ಬಂದಿತ್ತು. ನಾನು ಶಹಾಬಾದಿಗೆ ಹೋದೆ, ಪರೀಕ್ಷೆ ಬರೆದೆ. ಬುತ್ತಿಯಲ್ಲಿ ರೊಟ್ಟಿ, ಪುಂಡಿ ಪಲ್ಯ ಬಂದವು, ಉಂಡಿ ಬರಲಿಲ್ಲ. ತಿರುಗಿ ಬರುವಾಗ ಅವ್ವ ಹೇಳಿದಂತೆ ಚಿತ್ತಾಪುರದಲ್ಲಿ ಇಳಿದೆ.

ಹಕೀಮರು ತೂಗಿ ಡಬ್ಬಿಗೆ ತುಂಬುತ್ತ, ‘ಅಬ್ಬಾಜಾನ್‌ಗ ಹೇಳ್ರಿ ಬೇಟಾ, ಇಷ್ಟು ಲಗೂನ ಮುಗೀಬಾರದು ಇದು,’ ಅಂದರು. ಹೇಳುತ್ತೇನೆ ಅಂದೆ.

ಮನೆ ತಲುಪಿದಾಗ ಸಂಜೆಯ ಊಟವಾಗಿತ್ತು. ಜಗಲಿಯ ಮೇಲೆ ಸಾಹುಕಾರನೂ ಕುಳಿತಿದ್ದ. ಅವನೆದುರು ಡಬ್ಬಿ ತೆಗೆಯಬೇಕೆಂದು ಗಾಡಿಯಲ್ಲಿ ಎಷ್ಟು ಸಲ ಯೋಚಿಸಿದ್ದೆ! ಅಪ್ಪ ಎದ್ದು ಒಳಗೆ ಬಂದ. ನನ್ನ ಮುಖ ನೋಡಲಿಲ್ಲ, ಕೈ ಚಾಚಿದ. ಕೊಟ್ಟೆ. ಹಕೀಮರ ಮಾತು ಹೇಳಿದೆ, ಕೇಳಿಸಿಕೊಂಡಂತೆ ಕಾಣಲಿಲ್ಲ. ಮುಚ್ಚಳ ತೆಗೆದು ಬೆರಳು ಇಳಿಸಿ ಎಂದಿಗಿಂತ ದೊಡ್ಡದಾಗಿ ಚಿವುಟಿದ. ಅವ್ವ ಬಿಸಿ ಹಾಲು ತಂದು ಪಕ್ಕಕ್ಕಿಟ್ಟು ನನ್ನ ಕಡೆ ತಿರುಗದೆ ಹೋದಳು. ಹಾಲು ಕುಡಿದು ಮೀಸೆ ಒರೆಸಿಕೊಂಡ ಮೇಲೆಯೇ ಅವನಿಗೆ ನಾನು ಕಂಡದ್ದು.

‘ಪೇಪರ್ ಹ್ಯಾಂಗಾದವು?’

‘ಚಲೋ ಆದವು.’

‘ಆ ಊರಿನ ಹುಡುಗ್ರ ಸಂಗ ಬ್ಯಾಡ,’ ಅಂದ. ‘ಭಾಳ ಕೆಟ್ಟ ಚಟ ಅದಾವ ಅವಕ್ಕ.’ ಟೋಪಿ ಸರಿಮಾಡಿಕೊಂಡು ಜಗಲಿಗೆ ಹೋಗಿ, ಮುಂದಿನ ವರ್ಷ ಮಗನನ್ನು ಯಾವ ಕಾಲೇಜಿಗೆ ಹಾಕಬೇಕೆಂದು ಕೇಳಲು ಬಂದಿದ್ದ ಸಾಹುಕಾರನಿಗೆ ಉಪದೇಶ ಮುಂದುವರಿಸಿದ.